ಬಚ್ಚಲ ನೀರಿನ ಜೊಂಡು

ಸಾಲಿಗ್ರಾಮದ ಲಕ್ಷ್ಮಿದೇವಿಯ ಗಂಡ ಮರಿಯಯ್ಯ ಜೊಂಡಿನ ಚಾಪೆ ಹೆಣೆಯುತ್ತಿದ್ದವನು. ಹೋದ ವರ್ಷ ಲಕ್ವ ಹೊಡೆದು ಅವನ ಬಲಗೈ ಸ್ವಾಧೀನ ತಪ್ಪಿತು. ಅದೇ ಸಮಯಕ್ಕೆ ಕೆರೆಯ ಅಂಚಿಗೆ ಕಲ್ಲು ಕಟ್ಟಿ, ಅಲ್ಲಿದ್ದ ಜೊಂಡನ್ನೆಲ್ಲ ಕಿತ್ತುಹಾಕಿದರು. ಮರಿಯಯ್ಯ ಗೋಡೆ ಕಡೆ ಮುಖ ಮಾಡಿ ಮಲಗಿಬಿಟ್ಟ. ಎಷ್ಟು ಕರೆದರೂ ಹೊರಗೆ ಬರಲೊಲ್ಲ.

ಒಂದು ಸಂಜೆ ಲಕ್ಷ್ಮಿದೇವಿ ಗದ್ದೆ ಕೆಲಸದಿಂದ ಬರುವಾಗ ನಾಲೆಯ ಬದಿಯಿಂದ ಒಂದಿಷ್ಟು ಜೊಂಡನ್ನು ಬುಡಸಮೇತ ಕಿತ್ತು ತಂದಳು. ಅವರ ಹಿತ್ತಲಲ್ಲಿ ಬಚ್ಚಲ ನೀರು ನಿಂತು ಸದಾ ಕೆಸರಾಗಿರುವ ತಗ್ಗೊಂದಿತ್ತು. ನೀರು ಜಾಸ್ತಿ ಇದ್ದಲ್ಲೇ ಚೆನ್ನಾಗಿ ಬಂದೀತೆಂದು ತಗ್ಗಿನ ನಟ್ಟನಡುವೆ ನೆಟ್ಟಳು. ವಾರದೊಳಗೆ ಬುಡ ಕೊಳೆತು ನಾತ ಮನೆಯೊಳಕ್ಕೂ ಬಂತು. ಮೂಗು ಮುಚ್ಚಿಕೊಂಡು ಕಿತ್ತೆಸೆಯುತ್ತಿದ್ದಾಗ ಒಳಗಿನಿಂದ ತೊದಲು ದನಿ ಕೇಳಿಸಿತು.

"ಅಂಗ್ ಮುಳುಗ್ಸುದ್ರೆ ಉಳೀತದಾ? ಜೊಂಡಿನ್ ಸುಳಿ ನೀರಿಂದ ಮೇಲಿರ್ಬೇಕು ಕಣೇ."

"ನಂಗೇನ್ ಗೊತ್ತು? ಬಂದು ತೋರ್ಸಿ ಮತ್ತೆ!"

ಒಳಗೆ ಚಾಪೆ ಸರಿದ ಸದ್ದಾಯಿತು. ಗೋಡೆ ಹಿಡಿದುಕೊಂಡು ಮರಿಯಯ್ಯ ಹಿತ್ತಲ ಬಾಗಿಲಿಗೆ ಬಂದು ನಿಂತ. ಎಡಗೈಯಲ್ಲಿ ತಗ್ಗಿನ ಅಂಚು ತೋರಿಸಿದ. "ಅಲ್ಲಿ. ಕಾಲಿಟ್ರೆ ಮೆತ್ಗಿರ್ಬೇಕು, ನೀರ್ ನಿಂತಿರ್ಬಾರ್ದು."

ಲಕ್ಷ್ಮಿದೇವಿ ಮತ್ತೆ ತಂದು ಅಲ್ಲೇ ನೆಟ್ಟಳು. ಮಳೆಗಾಲ ಹಿಡಿಯುತ್ತಲೇ ಜೊಂಡು ಸೊಂಟದೆತ್ತರ ಎದ್ದಿತು. ಮರಿಯಯ್ಯ ಈಗ ಬೆಳಗಾದರೆ ಹಿತ್ತಲ ಮೆಟ್ಟಿಲ ಮೇಲೆ. ಕಾಫಿಯೂ ಅಲ್ಲೇ, ಊಟವೂ ಅಲ್ಲೇ.

ಕೊಯ್ಯುವ ಹದಕ್ಕೆ ಬಂದಾಗ ಅವಳು ಕುಡುಗೋಲು ಹಿಡಿದು ಇಳಿದಳು. ಮರಿಯಯ್ಯ ಅವಳ ಸೆರಗು ಹಿಡಿದೆಳೆದ.

"ತಡಿಯೇ. ಒಳ್ಗೆ ನೀರುಕೋಳಿ ಮೊಟ್ಟೆ ಇಕ್ಕ್ಯದೆ."

"ನಿಮ್ಗೋಸ್ಕರ ಬೆಳೆಸಿದ್ದು ಕಣ್ರೀ, ನೀವ್ ಹೇಳ್ಕೊಟ್ಟಂಗೆ ನಾನ್ ಹೆಣೀತೀನಿ. ಬಲಿತು ಹೋದ್ರೆ ಚಾಪೇಗ್ ಆಯ್ತದಾ?"

"ಆಗ್ದಿದ್ರೆ ಬುಡು."

ಅವಳಿಗೆ ಸಿಟ್ಟು ಬಂತು. ಇಷ್ಟು ದಿನ ಕೆಸರಲ್ಲಿ ಒದ್ದಾಡಿದ್ದು ಯಾರಿಗಾಗಿ? ಆದರೆ ಅವನು ಕತ್ತು ಚಾಚಿ, ಉಸಿರು ಬಿಗಿಹಿಡಿದು ಜೊಂಡಿನೊಳಗೆ ಇಣುಕುತ್ತಿದ್ದ. ಆ ಮುಖದಲ್ಲಿ ಅಂಥ ಕಳೆ ಕಂಡು ಎಷ್ಟು ಕಾಲವಾಗಿತ್ತೋ. ಕುಡುಗೋಲು ಕೆಳಗಿಟ್ಟು ಅವನ ಪಕ್ಕದಲ್ಲೇ ಕೂತಳು.

ಕಪ್ಪು ಮರಿಗಳು ತಾಯಿಯ ಹಿಂದೆ ಸಾಲಾಗಿ ಹಿತ್ತಲಾಚೆಯ ಗದ್ದೆಗೆ ಇಳಿದು ಹೋಗುವ ಹೊತ್ತಿಗೆ ಜೊಂಡು ಬಲಿತು ಒರಟಾಗಿತ್ತು. ಆ ವರ್ಷ ಚಾಪೆ ಆಗಲಿಲ್ಲ. ಲಕ್ಷ್ಮಿದೇವಿ ಅದನ್ನೆಲ್ಲ ಕೊಯ್ದು ಕೊಟ್ಟಿಗೆಯ ಸೂರಿಗೆ ಹೊದಿಸಿದಳು. ಮರಿಯಯ್ಯ ತಾನೇ ಮೆಟ್ಟಿಲಿಳಿದು, ಅವಳ ಹೆಗಲು ಹಿಡಿದು, ಕೆಸರಿಗೆ ಕಾಲಿಟ್ಟ.

"ಆ ಮೂಲೇಗೂ ಒಂದ್ ಬುಡ ನೆಡು," ಎಂದ. "ನೀರುಕೋಳಿಗೆ ಜಾಗ ಸಾಲ್ದು."