ಹದಿನೇಳನೇ ನಂಬರಿನವಳ ಕೊನೆಯ ಪ್ರಶ್ನೆ

ವಿಶ್ವವಿದ್ಯಾಲಯದ ಅಪರಾಧ ನ್ಯಾಯ ವಿಭಾಗದಲ್ಲಿ ಅಕ್ಕ ಹತ್ತೊಂಬತ್ತು ವರ್ಷ ಟೈಪಿಸ್ಟ್ ಆಗಿದ್ದಳು. ಸ್ವಂತ ಅಕ್ಕನಲ್ಲ, ಪ್ರೊಫೆಸರರಿಂದ ಹಿಡಿದು ಸಭಾಂಗಣದ ಮೈಕ್ ನೋಡಿಕೊಳ್ಳುವ ನನ್ನವರೆಗೆ ಎಲ್ಲರಿಗೂ ಅವಳು ಅಕ್ಕ. ಸಂಶೋಧಕರು ಜೈಲಿನಲ್ಲಿರುವವರ ಮನೆಯವರನ್ನು ಮಾತಾಡಿಸಿ ರೆಕಾರ್ಡ್ ಮಾಡಿ ತರುತ್ತಿದ್ದರು. ಅದನ್ನು ಕೇಳಿ ಕೇಳಿ ಟೈಪ್ ಮಾಡುವುದು ಅವಳ ಕೆಲಸ. ಹೆಸರಿನ ಬದಲು ನಂಬರ್ ಹಾಕಬೇಕು. ಅಳು ಬೇಡ. ಸಂಶೋಧಕ 'ಧನ್ಯವಾದ' ಅಂದ ಮೇಲೆ ಒಂದಕ್ಷರವೂ ಬೇಡ. ಕೇಳಿದ್ದನ್ನು ಹೊರಗೆ ಬಾಯಿಬಿಡುವುದಿಲ್ಲವೆಂದು ಸಹಿ ಬೇರೆ ಹಾಕಿಸಿಕೊಂಡಿದ್ದರು.

ಅಕ್ಕನಿಗೆ ಮೂಗಿನ ತುದಿಯಲ್ಲೇ ಕೋಪ. ಒಂದು ದಿನ ಹೆಡ್‌ಫೋನ್ ಕಿತ್ತು ಮೇಜಿನ ಮೇಲೆ ಎಸೆದಳು.

"ಈ ಹದಿನೇಳನೇ ನಂಬರಿನವಳು ನಮ್ಮ ಸಂಶೋಧಕನನ್ನ ಕೋರ್ಟಿನವನು ಅಂದ್ಕೊಂಡಿದಾಳೆ ಕಣೋ! ಕೊನೇಲಿ ಕೇಳ್ತಾಳೆ, 'ಸಾರ್, ನನ್ ಮಗಳನ್ನ ಯಾವಾಗ ಬಿಡ್ತೀರಿ?' ಅಂತ. ಈ ಮಹಾನುಭಾವ 'ನೋಡೋಣಮ್ಮ' ಅಂತಾನೆ!"

ನಾನು ಹೌದೌದು, ಅನ್ಯಾಯ ಎಂದೆ. ಸಂಶೋಧಕನನ್ನು ಕರೆದು ಅಕ್ಕ ಚೆನ್ನಾಗಿ ಉಗಿದಳು.

"ಅದು ಧನ್ಯವಾದ ಆದ್ಮೇಲಿನ ಮಾತು ಅಕ್ಕ, ಬಿಟ್ಬಿಡಿ" ಎಂದು ಅವನು ನಡೆದ.

ಅಕ್ಕ ವಾರವಿಡೀ ಗೊಣಗಿದಳು, ಆಮೇಲೂ ಅವನನ್ನು ಕಂಡಾಗಲೆಲ್ಲ ನಾವಿಬ್ಬರೂ ಬೈದುಕೊಳ್ಳುತ್ತಿದ್ದೆವು. ಆದರೆ ಆ ಪ್ರಶ್ನೆಯನ್ನು ಅಕ್ಕ ಟೈಪ್ ಮಾಡದೆ ಬಿಟ್ಟೇಬಿಟ್ಟಳು.

ಎಂಟು ತಿಂಗಳ ನಂತರ ವರದಿಯ ಬಿಡುಗಡೆ. ಮಾತಾಡಿದವರಿಗೆಲ್ಲ ವಿಶ್ವವಿದ್ಯಾಲಯದ ಮುದ್ರೆಯಿದ್ದ ಆಮಂತ್ರಣ ಹೋಗಿತ್ತು. ದನಿಯಿಲ್ಲದವರಿಗೆ ದನಿ ಕೊಟ್ಟ ಕೆಲಸವಿದು ಎಂದು ಅತಿಥಿಗಳು ಹೊಗಳುತ್ತಿದ್ದರು. ಅಷ್ಟರಲ್ಲಿ ಬಾಗಿಲ ಬಳಿ ಒಬ್ಬ ಹೆಂಗಸು ದಾರಿ ಕೇಳಿದಳು. ಮುಖ ನೋಡಿರದಿದ್ದರೂ ಆ ದನಿ ಅಕ್ಕನಿಗೆ ಗೊತ್ತಿತ್ತು. ಹೆಂಗಸಿನ ಚೀಲದಲ್ಲಿ ಒಂದು ಜೊತೆ ಚಪ್ಪಲಿ.

"ಮಗಳನ್ನ ಬರಿಗಾಲಲ್ಲೇ ಕರ್ಕೊಂಡು ಹೋಗಿದ್ರು. ಸೀಲ್ ಇರೋ ಕಾಗದ ಬಂತಲ್ಲ, ಇವತ್ತೇ ಬಿಡ್ತಾರೆ ಅಂತ ಚಪ್ಪಲಿ ತಂದೆ."

"ವಕೀಲರನ್ನ ನೋಡ್ಲಿಲ್ವಾ?" ಎಂದಳು ಅಕ್ಕ.

"ಯಾಕೆ? ಸಾಹೇಬ್ರು ಎಲ್ಲಾ ಬರ್ಕೊಂಡು ಹೋದ್ರಲ್ಲ."

ಅಕ್ಕ ಅವಳ ಕೈ ಹಿಡಿದುಕೊಂಡೇ ವೇದಿಕೆ ಹತ್ತಿ ಸಂಶೋಧಕನ ಕೈಯಿಂದ ಮೈಕ್ ಕಸಿದುಕೊಂಡಳು.

"ಹದಿನೇಳನೇ ನಂಬರಿನವಳು ಬಂದಿದಾಳೆ, ಉತ್ತರ ಕೊಡಿ! ಕೆಳಗಡೆ ರೂಮಲ್ಲೇ ಪುಕ್ಕಟೆ ಕಾನೂನು ನೆರವು ಇದೆ. ಅಲ್ಲಿಗೆ ಹೋಗಮ್ಮ ಅಂದಿದ್ರೆ ನಿಮ್ಮ ಬಾಯಿಂದ ಮುತ್ತು ಉದುರಿ ಹೋಗ್ತಿತ್ತಾ?"

ವಿಭಾಗದ ನಿರ್ದೇಶಕರು ಮೈಕ್ ಬಂದ್ ಮಾಡೆಂದು ನನಗೆ ಸನ್ನೆ ಮಾಡಿದರು. ನಾನು ಸದ್ದು ಇನ್ನಷ್ಟು ಏರಿಸಿದೆ. ಉರೀಲಿ ಅವರಿಗೆ, ಎನ್ನಿಸಿತು.

ಹೆಂಗಸು ಅಕ್ಕನನ್ನೇ ನೋಡುತ್ತಿದ್ದಳು. "ನಾನು ಹೇಳಿದ್ದೆಲ್ಲ ನೀವು ಕೇಳಿಸ್ಕೊಂಡಿದ್ರಾ ತಾಯಿ?"

"ಹೂಂ. ನಾನೇ ಟೈಪ್ ಮಾಡಿದ್ದು."

"ಯಾವಾಗ?"

"ಎಂಟು ತಿಂಗಳಾಯ್ತು."

"ಹಾಗಾದ್ರೆ ನೀವಾದ್ರೂ ಹೇಳ್ಬೋದಿತ್ತಲ್ಲ."

ಅದು ಇಡೀ ಸಭಾಂಗಣಕ್ಕೆ ಕೇಳಿಸಿತು. ಅಷ್ಟು ಜೋರಾಗಿ ಕೇಳಿಸಿದವನು ನಾನೇ. ಅಕ್ಕ ಮೈಕ್ ಕೆಳಗಿಟ್ಟು, ಚೀಲ ತಾನೇ ತೆಗೆದುಕೊಂಡು, ಅವಳನ್ನು ಕೆಳಗಿನ ಕೋಣೆಗೆ ಕರೆದೊಯ್ದಳು.

ಅಲ್ಲಿನ ವಕೀಲೆ ಜಾಮೀನು ಅರ್ಜಿ ಹಾಕಿದ ಹನ್ನೊಂದನೇ ದಿನ ಮಗಳು ಆ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಬಂದಳು. ಬರೀ ಹನ್ನೊಂದು ದಿನದ ಕೆಲಸ. ಎಂಟು ತಿಂಗಳು ನಾವು ಸಂಶೋಧಕನನ್ನು ಬೈದುಕೊಂಡು ಕೂತಿದ್ದೆವು.