ಕುಳ್ಳಿರಿಸಿ ಮಣ್ಣು ಮಾಡಿದ ಮಗಳು

ನನ್ನ ತಂಗಿ ಹೊಟ್ಟೆನೋವೆಂದು ಸರಕಾರಿ ಆಸ್ಪತ್ರೆಗೆ ನಡೆದುಕೊಂಡೇ ಹೋಗಿದ್ದಳು. ಅಪೆಂಡಿಕ್ಸ್, ಸಣ್ಣ ಆಪರೇಷನ್ ಎಂದರು. ಮರುದಿನ ಮಧ್ಯಾಹ್ನ ಹೆಣ ಕೊಟ್ಟರು. ಏನಾಯಿತೆಂದು ಕೇಳಿದರೆ ಹೃದಯ ನಿಂತಿತು ಎಂದರು. ಹೃದಯ ನಿಲ್ಲದೆ ಸಾಯುವವರನ್ನು ನಾನಂತೂ ಕಂಡಿಲ್ಲ.

ಒಬ್ಬ ನರ್ಸಮ್ಮ ಮಾತ್ರ ಅವ್ವನ ಹತ್ತಿರ ಬಂದು, "ಪೋಸ್ಟ್‌ಮಾರ್ಟಂ ಮಾಡಸ್ರಿ ಯವ್ವಾ, ಮುಂದ ಬೇಕಾಗತೈತಿ" ಎಂದು ಮೆಲ್ಲಗೆ ಹೇಳಿದಳು. ನಮ್ಮಲ್ಲಿ ಸತ್ತವರನ್ನು ಪೂಜೆಗೆ ಕುಳಿತಂತೆ ಕುಳ್ಳಿರಿಸಿ, ಅಂಗೈಯಲ್ಲಿ ಲಿಂಗವಿಟ್ಟು ಮಣ್ಣು ಮಾಡುತ್ತಾರೆ. ಅವ್ವ ಒಪ್ಪಲಿಲ್ಲ. "ಒಮ್ಮೆ ಕೊಯ್ದದ್ದು ಸಾಕು. ಮತ್ತ ಕೊಯ್ದ್ರ ನನ್ನ ಮಗಳು ಹೆಂಗ ಕುಂದರ್ತಾಳ?" ಸಿಂಧನೂರಿನಿಂದ ಬಂದ ನೆಂಟರೆಲ್ಲ ಹೌದೆಂದು ತಲೆಯಾಡಿಸಿದರು. ಬೇಡವೆಂದು ಸಹಿ ಹಾಕಿ, ಸಂಜೆಯೊಳಗೆ ಮಸ್ಕಿಯ ನಮ್ಮ ಹೊಲದಲ್ಲಿ ಅವಳನ್ನು ಕುಳ್ಳಿರಿಸಿದೆವು.

ಸರಕಾರ ಮತ್ತು ವೈದ್ಯರ ಮೇಲೆ ಅವ್ವ ಹೂಡಿದ್ದ ದಾವೆ ವರ್ಷಗಟ್ಟಲೆ ನಡೆದು ಮೊನ್ನೆ ವಜಾ ಆಯಿತು. ವೈದ್ಯರ ತಪ್ಪಿಗೆ ಪುರಾವೆಯಿಲ್ಲ, ಪೋಸ್ಟ್‌ಮಾರ್ಟಂ ಬೇಡವೆಂದದ್ದು ವಾದಿಯೇ ಎಂದಿತು ತೀರ್ಪು. ನಾವೇ ಏನೋ ಮುಚ್ಚಿಟ್ಟೆವು ಎನ್ನುವ ಹಾಗೆ ಎದುರು ವಕೀಲ ಮಾತಾಡಿದಾಗ ನನ್ನ ಮೈ ಉರಿದುಹೋಯಿತು. ಅವ್ವನಿಗೆ ಪರಿಹಾರದ ಆಸೆ ಇರಲಿಲ್ಲ. ಊರೆಲ್ಲ ಹಣೆಬರಹ ಎಂದಿತ್ತು. ಅದು ಹಣೆಬರಹವಲ್ಲವೆಂದು ಕೋರ್ಟಿನ ಕುರ್ಚಿಯಲ್ಲಿ ಕುಳಿತವರ ಬಾಯಿಂದ ಅವಳು ಕೇಳಬೇಕಿತ್ತು.

ಅಪೀಲಿಗೆಂದು ಲಿಂಗಸುಗೂರಿನ ವಕೀಲರೊಬ್ಬರ ಬಳಿ ಹೊರಟೆವು. ಬಸ್ಸಿನಲ್ಲಿ ನಾನು, "ಕೋರ್ಟಿನ್ಯಾಗ ಗೆದ್ದಾಂವ ಸೋತ, ಸೋತಾಂವ ಸತ್ತ ಅಂತಾರ. ಬಿಡಬೇ ಯವ್ವಾ ಇನ್ನ" ಎಂದೆ.

"ನಂದು ಸಾಯೋದು ಇನ್ನೇನ ಉಳದೈತಿ?" ಎಂದಳು.

ವಕೀಲರು ಕಾಗದವನ್ನೆಲ್ಲ ಓದಿದರು. ಒಳ್ಳೆಯ ಮನುಷ್ಯ, ಸುಳ್ಳು ಆಸೆ ಹುಟ್ಟಿಸಲಿಲ್ಲ. ಸ್ವಲ್ಪ ಹುಟ್ಟಿಸಿದ್ದರೂ ಆಗುತ್ತಿತ್ತು ಎಂದು ನನಗೆ ಅನ್ನಿಸಿತು.

"ಅಪೀಲ್ ಹಾಕೋಣ್ರಿ. ಆದ್ರ ಖರೇ ಹೇಳಾಕತ್ತೀನಿ, ಮ್ಯಾಲಿನ ಕೋರ್ಟಿನವರೂ ಅದನ್ನ ಕೇಳ್ತಾರ, ಹುಡುಗಿ ಹೆಂಗ ಸತ್ಲು ಅಂತ. ಹೇಳಾಕ ನಮ್ಮ ಹತ್ರ ಏನೂ ಇಲ್ಲ."

ಅವ್ವ ನನ್ನ ಕಡೆ ನೋಡದೆ ಹೇಳಿದಳು: "ಹಂಗಾರ ಮಣ್ಣು ತೆಗದು ನೋಡ್ಲಿ ರೀ. ಕೊಯ್ಯೋದಿದ್ರ ಕೊಯ್ಲಿ. ಜಾಗ ನಾನ ತೋರಸ್ತೀನಿ."

ವಕೀಲರು ಕನ್ನಡಕ ತೆಗೆದರು.

"ಭಾಳ ವರ್ಷ ಆತಲ್ಲ ಯವ್ವಾ. ಬರೇ ಎಲುಬು ಸಿಗತಾವ. ಎಲುಬಿನ್ಯಾಗ ಆಪರೇಷನ್ ತಪ್ಪು ಕಾಣಂಗಿಲ್ಲ."

"ಹಂಗಾರ ಆಕಿ ಇನ್ನೂ ಕುಂತಿರ್ತಾಳೇನ್ರಿ," ಅವ್ವ ಕೇಳಿದಳು, "ಇಲ್ಲಾ ಬಿದ್ದಿರ್ತಾಳ?"

ವಕೀಲರು ವಕಾಲತ್ತಿನ ಕಾಗದವನ್ನು ಅವಳ ಮುಂದಿಟ್ಟು, ಸಹಿ ಮಾಡುವ ಜಾಗ ತೋರಿಸಿದರು.