ಓಡಿಸಿದವರ ಹೆಸರು

ನಾನು ಕಾರು ಓಡಿಸಲು ಕಲಿತದ್ದು ನಲವತ್ತೇಳನೇ ವಯಸ್ಸಿನಲ್ಲಿ. ಹೈಸ್ಕೂಲಿನಲ್ಲಿ ಇಪ್ಪತ್ತೆರಡು ವರ್ಷ ಗಣಿತ ಪಾಠ ಮಾಡಿ, ನನ್ನದೇ ಉಳಿತಾಯದಲ್ಲಿ ಒಂದು ಚಿಕ್ಕ ಬಿಳಿ ಕಾರು ಕೊಂಡೆ. ನಮ್ಮ ಯಜಮಾನರಿಗೆ ಸ್ಟಿಯರಿಂಗ್ ಕಂಡರೆ ಭಯ. ಹಾಗಾಗಿ ಆ ಕಾರು ಕಾಗದದಲ್ಲೂ ನನ್ನದು, ಓಡಿಸುವುದರಲ್ಲೂ ನನ್ನದು ಎಂದು ಒಳಗೊಳಗೇ ಬೀಗುತ್ತಿದ್ದೆ. ಬೀಗಿದ್ದು ಸರಿಯಾಗಿ ನಾಲ್ಕು ದಿನ.

ನಡೆದದ್ದನ್ನು ಹೇಳುವ ಮೊದಲು ನನ್ನ ಭಾವನ ವಿಷಯ ಹೇಳಬೇಕು. ಅಕ್ಕನ ಗಂಡ, ಮನೆಗೆ ಹಿರಿಯ ಅಳಿಯ, ಮಲ್ಲೇಶ್ವರದಲ್ಲಿ ಮನೆ. ಅಪ್ಪ ತೀರಿಕೊಂಡ ಮೇಲೆ ಚಾಮರಾಜಪೇಟೆಯ ಅಮ್ಮನ ಮನೆಗೆ ಬರುವ ಯಾವ ಇಂಗ್ಲಿಷ್ ಕಾಗದವೂ ಅವರ ಕೈ ದಾಟದೆ ಬೀರು ಸೇರುವಂತಿಲ್ಲ. ಬ್ಯಾಂಕಿನದಿರಲಿ, ಕಂದಾಯದ್ದಿರಲಿ, ಹಾಲಿನ ನಡುವೆ ಕುರ್ಚಿ ಹಾಕಿಕೊಂಡು, ಗಂಟಲು ಸರಿಮಾಡಿಕೊಂಡು, ಮೊದಲು ಇಂಗ್ಲಿಷಿನಲ್ಲಿ ಜೋರಾಗಿ ಓದುತ್ತಾರೆ. ಆಮೇಲೆ "ಅಂದ್ರೆ ಏನಪ್ಪಾ ಅಂದ್ರೆ" ಎಂದು ಶುರು ಮಾಡಿ ಕನ್ನಡದಲ್ಲಿ ಬಿಡಿಸಿ ಹೇಳುತ್ತಾರೆ. ಎಂಎಸ್ಸಿ ಮಾಡಿದ ನಾನು ಪಕ್ಕದಲ್ಲೇ ಕೂತಿದ್ದರೂ ಅಮ್ಮ ಕಾಗದ ಕೊಡುವುದು ಅವರಿಗೇ. ಇಷ್ಟು ವರ್ಷ ನಾನೂ ಸುಮ್ಮನೆ ಕೂತು ಕೇಳಿದ್ದೇನೆ.

ಕಾರಿನ ಜೊತೆ ಇನ್ಷೂರೆನ್ಸ್ ಪಾಲಿಸಿ ಬಂತು. ಪೇಪರ್ ತಿದ್ದುವ ಕೆಂಪು ಪೆನ್ನು ಹಿಡಿದು ಎರಡು ಸಂಜೆ ಕೂತು ಅದನ್ನು ಪೂರ್ತಿ ಓದಿದೆ. ಷೋರೂಮಿನ ಹುಡುಗಿ ಪ್ರೀಮಿಯಂ ಎಷ್ಟು ಎಂದು ಹೇಳಿದ್ದಳೇ ಹೊರತು ಯಾತಕ್ಕೆ ಎಂದು ಹೇಳಿರಲಿಲ್ಲ. ಓದಿದ ಮೇಲೆ ಗೊತ್ತಾಯಿತು, ಅದು ಒಂದು ಪಾಲಿಸಿ ಅಲ್ಲ, ಎರಡು. ನನ್ನ ಕಾರಿನಿಂದ ಬೇರೆಯವರಿಗೆ ಆಗುವ ನಷ್ಟಕ್ಕೆ ಥರ್ಡ್ ಪಾರ್ಟಿ. ಅದಿಲ್ಲದೆ ಕಾರನ್ನು ರಸ್ತೆಗಿಳಿಸಲು ಕಾನೂನು ಬಿಡುವುದಿಲ್ಲ. ನನ್ನ ಕಾರಿಗೇ ಆಗುವ ನಷ್ಟಕ್ಕೆ ಬೇರೆ ದುಡ್ಡು, ಬೇರೆ ಲೆಕ್ಕ. ಅದರಲ್ಲೂ ಪ್ಲಾಸ್ಟಿಕ್ಕು, ರಬ್ಬರಿನ ಭಾಗಗಳಿಗೆ ಸವಕಲು ಎಂದು ಅರ್ಧ ಬೆಲೆ ಹಿಡಿಯುತ್ತಾರೆ. ಹಾಗೆ ಹಿಡಿಯದಿರಲಿ ಎಂದು ಇನ್ನಷ್ಟು ಕೊಟ್ಟರೆ ಅದೇ ಜನ ಹೇಳುವ ಬಂಪರ್ ಟು ಬಂಪರ್. ನಾನು ಅದನ್ನೂ ಹಾಕಿಸಿದ್ದೆ. ಒಂದು ವರ್ಷ ಏನೂ ಕೇಳದಿದ್ದರೆ ಮುಂದಿನ ವರ್ಷ ನನ್ನ ಕಾರಿನ ಭಾಗದ ಪ್ರೀಮಿಯಂನಲ್ಲಿ ಸ್ವಲ್ಪ ಬಿಡುತ್ತಾರಂತೆ. ಇಷ್ಟೆಲ್ಲ ಆದ ಮೇಲೆ ಸಣ್ಣ ಅಕ್ಷರದಲ್ಲಿ ಒಂದು ಸಾಲಿತ್ತು: ಓಡಿಸುವವರ ಹತ್ತಿರ ಚಾಲ್ತಿಯಲ್ಲಿರುವ ಲೈಸೆನ್ಸ್ ಇರಬೇಕು, ಇಲ್ಲದಿದ್ದರೆ ಕಾರಿನ ರಿಪೇರಿಗೆ ಬಿಡಿಗಾಸೂ ಇಲ್ಲ. ಅದರ ಕೆಳಗೆ ಗೆರೆ ಎಳೆದೆ.

ಭಾವ ಬಂದಾಗ ಆ ಪಾಲಿಸಿ ಮೇಜಿನ ಮೇಲಿತ್ತು. ಕೆಂಪು ಗೆರೆಗಳನ್ನು ನೋಡಿ ನಕ್ಕರು.

"ಪಾಲಿಸಿ ಓದ್ಕೊಂಡು ಯಾರಾದ್ರೂ ಕಾರ್ ಓಡಿಸ್ತಾರೇನಮ್ಮಾ? ಬಂಪರ್ ಟು ಬಂಪರ್ ಇದೆಯಲ್ಲ, ಎಲ್ಲಿ ಗುದ್ದಿದ್ರೂ ಅವರೇ ಕೊಡ್ತಾರೆ. ಸುಮ್ನಿರು ನೀನು."

ಆಷಾಢ ಬರುವುದರೊಳಗೆ ಕಾರಿನ ಪೂಜೆ ಆಗಬೇಕೆಂದು ಅಮ್ಮನಿಗೆ ಅವಸರ. ಬಸವನಗುಡಿಯ ಗಣಪನ ಗುಡಿಯ ಮುಂದೆ ಬೆಳಿಗ್ಗೆ ಎಂಟಕ್ಕೇ ಕಾರು ನಿಲ್ಲಿಸಿದೆ. ನಾನೇ ಓಡಿಸಿಕೊಂಡು ಹೋಗಿದ್ದೆ, ಒಂದು ಗೀರೂ ಆಗಿರಲಿಲ್ಲ. ಅಮ್ಮ, ಅಕ್ಕ, ಭಾವ, ನಮ್ಮ ಯಜಮಾನರು, ನಾನು, ಇಷ್ಟೇ ಜನ. ಅರ್ಚಕರು ಬಾನೆಟ್ಟಿಗೆ ಅರಿಶಿನ ಕುಂಕುಮ ಹಚ್ಚಿ, ಹಾರ ಹಾಕಿ, ತೆಂಗಿನಕಾಯಿ ಒಡೆದು, ನಾಲ್ಕು ಚಕ್ರದ ಕೆಳಗೆ ನಾಲ್ಕು ನಿಂಬೆಹಣ್ಣು ಇಟ್ಟರು. ಇನ್ನು ಗಾಡಿ ಮುಂದಕ್ಕೆ ತೆಗೆಯಬೇಕು, ಹಣ್ಣು ಅಪ್ಪಚ್ಚಿಯಾಗಬೇಕು, ಅಲ್ಲಿಗೆ ದೃಷ್ಟಿ ಕಳೆಯಿತು. ನಾನು ಕೀ ಹಿಡಿದು ಬಾಗಿಲ ಹತ್ತಿರ ಹೋದೆ.

"ಮೊದಲ್ನೇ ಸಲ ಅಳಿಯಂದಿರು ತೆಗೀಲಿ ಕಣೇ," ಎಂದರು ಅಮ್ಮ. "ಮನೆಗೆ ಹಿರಿಯರು. ಒಳ್ಳೇದಾಗತ್ತೆ."

ನಾನು ಏನಾದರೂ ಹೇಳುವ ಮೊದಲೇ ಕೀ ಭಾವನ ಕೈಯಲ್ಲಿತ್ತು, ಆರತಿ ತಟ್ಟೆ ನನ್ನ ಕೈಯಲ್ಲಿತ್ತು. ಇಪ್ಪತ್ತೆರಡು ವರ್ಷ ದುಡಿದು ಕೊಂಡ ಕಾರಿಗೆ ನಾನು ಪಕ್ಕದಲ್ಲಿ ನಿಂತು ಆರತಿ ಎತ್ತಬೇಕಾಯಿತು. ಈಗಲೂ ನೆನೆದರೆ ಮೈ ಉರಿಯುತ್ತದೆ.

ಭಾವನ ಸ್ವಂತ ಕಾರು ಆಟೋಮ್ಯಾಟಿಕ್. ಅವರ ಎಡಗಾಲು ಕ್ಲಚ್ಚನ್ನು ಮರೆತು ಎಷ್ಟೋ ವರ್ಷಗಳಾಗಿದ್ದವು. ಚಕ್ರ ನಿಂಬೆಹಣ್ಣಿಗೆ ತಾಗಿ ತಡೆಯಿತು. ಅವರು ಆಕ್ಸಿಲರೇಟರ್ ಒತ್ತಿ, ಕ್ಲಚ್ಚನ್ನು ಒಂದೇ ಸಲ ಬಿಟ್ಟರು. ನಿಂಬೆಹಣ್ಣಿನ ಮೇಲೆ ಹಾರಿದ ಕಾರು ಎದುರಿಗಿದ್ದ ಕಲ್ಲುಕಂಬಕ್ಕೆ ಗುದ್ದಿತು. ಹೂವು ಮಾರುವ ಹೆಂಗಸು ಬುಟ್ಟಿ ಎತ್ತಿಕೊಂಡು ಓಡಿದಳು. ಯಾರಿಗೂ ಏನೂ ಆಗಲಿಲ್ಲ, ದೇವರು ದೊಡ್ಡವನು. ನನ್ನ ಕಾರಿನ ಬಂಪರ್ ಸೀಳಿತ್ತು, ಒಂದು ಹೆಡ್‌ಲೈಟ್ ಪುಡಿಪುಡಿ, ಕೆಳಗೆ ರೇಡಿಯೇಟರಿನ ಹಸಿರು ನೀರು ಕುಂಕುಮದ ಜೊತೆ ಸೇರಿ ಹರಿಯುತ್ತಿತ್ತು.

ಭಾವ ಇಳಿದರು. "ಕ್ಲಚ್ ಸರಿ ಇಲ್ಲ ಈ ಗಾಡೀದು," ಎಂದರು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಾನು ಗಾದೆಯನ್ನು ನುಂಗಿಕೊಂಡೆ.

ಕಾರನ್ನು ವರ್ಕ್‌ಷಾಪಿಗೆ ಎಳೆಸಿ ಮನೆಗೆ ಬರುವಷ್ಟರಲ್ಲಿ ನಮ್ಮ ನೆಂಟರ ವಾಟ್ಸಾಪ್ ಗುಂಪಿನಲ್ಲಿ ಫೋಟೋ ಬಿದ್ದಿತ್ತು. ಹಾರ ಹಾಕಿಕೊಂಡ ಒಡೆದ ಕಾರು, ಅದರ ಕೆಳಗೆ ಭಾವನ ಒಕ್ಕಣೆ: "ನಮ್ಮ ಹೊಸ ಡ್ರೈವರಮ್ಮನ ಶುಭಾರಂಭ." ಪಕ್ಕದಲ್ಲಿ ನಗುವ ಮುಖಗಳು. ನಾನು ಗುದ್ದಿದೆ ಎಂದು ಎಲ್ಲೂ ಬರೆದಿರಲಿಲ್ಲ, ಎಲ್ಲರೂ ಹಾಗೇ ಓದಿಕೊಂಡರು. ಓದಿಕೊಳ್ಳಲಿ ಎಂದೇ ಅವರು ಬರೆದದ್ದು. ಹನುಮಂತನಗರದ ದೊಡ್ಡಮ್ಮ ಫೋನ್ ಮಾಡಿದರು.

"ಈ ವಯಸ್ಸಲ್ಲಿ ನಿಂಗೆ ಬೇಕಿತ್ತೇನೇ ಇದೆಲ್ಲ? ನಾನಂತೂ ನಿನ್ನ ಕಾರ್ ಹತ್ತಲ್ಲಮ್ಮ."

"ದೊಡ್ಡಮ್ಮಾ, ಓಡಿಸಿದ್ದು ನಾನಲ್ಲ."

"ಆಯ್ತು ಬಿಡು," ಎಂದರು ಅವರು, ಮಗುವನ್ನು ಸಮಾಧಾನ ಮಾಡುವ ದನಿಯಲ್ಲಿ. "ನೀನೂ ಬೇಕು ಅಂತ ಮಾಡಿಲ್ವಲ್ಲ."

ಕಣ್ಣಾರೆ ಕಂಡಿದ್ದ ಅಮ್ಮ ಯಾರಿಗೂ ಏನೂ ಹೇಳಲಿಲ್ಲ. ಅಳಿಯನ ಮಾನದ ಮುಂದೆ ಮಗಳ ಮಾನ ಯಾವ ಲೆಕ್ಕ.

ಮಾರನೆಯ ದಿನ ಭಾವ ಅಕ್ಕನನ್ನು ಕರೆದುಕೊಂಡು ನಮ್ಮ ಮನೆಗೇ ಬಂದರು. ಕ್ಷಮೆ ಕೇಳಲು ಎಂದುಕೊಂಡು ಕಾಫಿ ಬೆರೆಸಿದೆ. ಅವರು ಬಂದದ್ದು ಕ್ಲೈಮ್ ಫಾರಮ್ಮಿನ ವಿಷಯಕ್ಕೆ.

"ಓಡಿಸಿದವರು ಯಾರು ಅಂತ ಒಂದು ಕಾಲಂ ಇರತ್ತೆ. ನಿನ್ನ ಹೆಸರೇ ಹಾಕ್ಬಿಡು."

"ಯಾಕೆ ಭಾವ?"

ಅವರು ಲೋಟದೊಳಗೆ ನೋಡಿದರು. ಅಕ್ಕನೇ ಹೇಳಿದಳು. "ಇವರ ಲೈಸೆನ್ಸ್ ಮುಗಿದು ಎರಡು ವರ್ಷ ಆಯ್ತಂತೆ ಕಣೇ. ನಂಗೂ ನಿನ್ನೆನೇ ಗೊತ್ತಾಗಿದ್ದು."

ಇನ್ಷೂರೆನ್ಸ್ ಬಗ್ಗೆ ಊರಿಗೆಲ್ಲ ಬುದ್ಧಿ ಹೇಳುವ ಮನುಷ್ಯ, ಎರಡು ವರ್ಷದಿಂದ ಸತ್ತ ಲೈಸೆನ್ಸನ್ನು ಜೇಬಿನಲ್ಲಿಟ್ಟುಕೊಂಡು ಬೆಂಗಳೂರು ಸುತ್ತುತ್ತಿದ್ದರು. ನನ್ನ ಕೆಂಪು ಗೆರೆ ಕಣ್ಣ ಮುಂದೆ ಬಂತು. ನಾನು ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ಮೌನ ಸಮ್ಮತಿ ಲಕ್ಷಣ ಎಂದುಕೊಂಡು ಕಾಫಿ ಮುಗಿಸಿ ಹೊರಟರು.

ವರ್ಕ್‌ಷಾಪಿನವನೂ ಅದನ್ನೇ ಹೇಳಿದ. "ಮೇಡಂ, ಓನರ್ ಹೆಸರೇ ಹಾಕ್ಬಿಡಿ. ಎಲ್ರೂ ಹಂಗೇ ಮಾಡೋದು. ಇಲ್ಲಾಂದ್ರೆ ಎಂಬತ್ತಾರು ಸಾವಿರ ನಿಮ್ ತಲೆ ಮೇಲೆ." ನನ್ನ ಹೆಸರು ಬರೆದರೆ ಹೆಚ್ಚುಕಡಿಮೆ ಅಷ್ಟೂ ದುಡ್ಡು ಬರುತ್ತಿತ್ತು. ಆದರೆ ಆ ಕಂಬಕ್ಕೆ ಗುದ್ದಿದವಳು ನಾನು ಎಂದು ನನ್ನ ಸಹಿಯೇ ಸಾಕ್ಷಿ ಹೇಳುತ್ತಿತ್ತು. ಸಾಯುವತನಕ ಪ್ರತಿ ಹಬ್ಬದ ಊಟದಲ್ಲಿ ಆ ಫೋಟೋ ಎಲೆಯ ತುದಿಗೆ ಬಡಿಸಿದ ಉಪ್ಪಿನಕಾಯಿಯ ಹಾಗೆ ಬರುತ್ತಿತ್ತು.

ಸುಳ್ಳು ಬರೆದರೆ ತಪ್ಪಾಗುತ್ತದೆ, ಪಾಲಿಸಿಯೇ ರದ್ದಾಗಬಹುದು ಎಂದೆಲ್ಲ ನನಗೆ ಗೊತ್ತಿತ್ತು. ಅದಕ್ಕೇ ನಿಜ ಬರೆದೆ ಎಂದು ಹೇಳಿಕೊಳ್ಳಬಹುದು. ಆದರೆ ಅವತ್ತು ನನ್ನೊಳಗೆ ಸತ್ಯ ಹರಿಶ್ಚಂದ್ರ ಇರಲಿಲ್ಲ, ಬರೀ ಸಿಟ್ಟು ಇತ್ತು. ಓಡಿಸಿದವರ ಹೆಸರು ಎಂಬ ಜಾಗದಲ್ಲಿ ಭಾವನ ಪೂರ್ತಿ ಹೆಸರನ್ನು ಇನಿಷಿಯಲ್ ಸಮೇತ ದಪ್ಪ ಅಕ್ಷರದಲ್ಲಿ ಬರೆದೆ. ಲೈಸೆನ್ಸ್ ಎಲ್ಲಿಯವರೆಗೆ ಎಂಬ ಜಾಗದಲ್ಲಿ, ಮುಗಿದು ಎರಡು ವರ್ಷವಾಗಿದೆ ಎಂದು ಬರೆದೆ. ನಷ್ಟ ಅಳೆಯಲು ಇನ್ಷೂರೆನ್ಸ್ ಕಂಪನಿಯ ಸರ್ವೇಯರ್ ಬಂದು ಕಾರು ನೋಡಿ, ಫಾರಮ್ಮು ನೋಡಿ, ನನ್ನ ಮುಖ ನೋಡಿದರು.

"ಮೇಡಂ, ಇದನ್ನ ಹೀಗೇ ಕಳಿಸ್ಲಾ?"

"ಹೀಗೇ ಕಳಿಸಿ."

ಮನೆಯಲ್ಲಿ ನಮ್ಮ ಯಜಮಾನರಿಗೆ ಮಾತ್ರ ಹೇಳಿದೆ. ಅವರು, "ಎಂಬತ್ತಾರು ಸಾವಿರದ ಸಿಟ್ಟೇನೇ ನಿಂದು?" ಎಂದರು. ಕೋಪದಲ್ಲಿ ಕೊಯ್ದ ಮೂಗು ಶಾಂತಿಯಲ್ಲಿ ಬರುವುದಿಲ್ಲ ಎಂದೂ ಸೇರಿಸಿದರು. ಇದು ನನ್ನ ಮೂಗಲ್ಲ ಎಂದೆ. ದುಡ್ಡು ಮಾತ್ರ ನನ್ನದೇ. ಆ ವರ್ಷ ಕೊಳ್ಳಬೇಕೆಂದಿದ್ದ ಚಿನ್ನದ ಬಳೆಯನ್ನು ಮರೆತು ರಿಪೇರಿ ಬಿಲ್ಲು ಕಟ್ಟಿದೆ. ಹೊಟ್ಟೆ ಉರಿಯಲಿಲ್ಲ ಎಂದರೆ ಸುಳ್ಳು.

ಕಾರು ರಿಪೇರಿಯಾಗಿ ಬಂದದ್ದನ್ನು ಕಂಡ ಭಾವ, ನಾನು ಅವರ ಮಾತು ಕೇಳಿ ಕ್ಲೈಮ್ ಮಾಡಿಸಿಕೊಂಡೆ ಎಂದೇ ನಂಬಿದರು. ನಾನು ಬಿಡಿಸಿ ಹೇಳಲಿಲ್ಲ. ಕಂಪನಿಯ ಪತ್ರ ಈಮೇಲಿನಲ್ಲಿ ಬಂದಿತು. ಗಾಂಧಿಬಜಾರಿನ ಜೆರಾಕ್ಸ್ ಅಂಗಡಿಯಲ್ಲಿ ಅದನ್ನು ದಪ್ಪ ಹಾಳೆಯ ಮೇಲೆ ಪ್ರಿಂಟ್ ಹಾಕಿಸಿ, ಬೀರುವಿನಲ್ಲಿ ರೇಷ್ಮೆ ಸೀರೆಗಳ ಕೆಳಗೆ ಇಟ್ಟೆ. ಗೌರಿ ಹಬ್ಬಕ್ಕೆ ಇನ್ನೂ ಮೂರು ವಾರವಿತ್ತು. ಅಷ್ಟು ಸಂತೋಷದಿಂದ ನಾನು ಯಾವ ಹಬ್ಬಕ್ಕೂ ಕಾದಿಲ್ಲ.

ಗೌರಿ ಹಬ್ಬದ ದಿನ ಅಮ್ಮನ ಮನೆಯಲ್ಲಿ ಹೆಣ್ಣುಮಕ್ಕಳು, ಅಳಿಯಂದಿರು, ದೊಡ್ಡಮ್ಮ, ಚಿಕ್ಕಪ್ಪನ ಮನೆಯವರು, ಹಾಲಿನ ತುಂಬ ಜನ. ಊಟವಾಗಿ ಎಲೆ ಅಡಿಕೆಯ ತಟ್ಟೆ ತಿರುಗುವಾಗ ಮಾತು ಕಾರಿಗೆ ಬಂತು. ಬರುತ್ತದೆ ಎಂದು ಗೊತ್ತಿತ್ತು.

"ಕಂಬಕ್ಕೆ ಗುದ್ದಿದ್ರೂ ಒಂದು ಪೈಸ ಖರ್ಚಿಲ್ಲ ನಮ್ಮ ಡ್ರೈವರಮ್ಮಂಗೆ," ಎಂದರು ಭಾವ ಎಲ್ಲರಿಗೂ ಕೇಳುವ ಹಾಗೆ. "ನಾನು ಹೇಳ್ಕೊಟ್ಟೆ, ಹೆಂಗೆ ಕ್ಲೈಮ್ ಮಾಡ್ಬೇಕು ಅಂತ."

ನಾನು ವ್ಯಾನಿಟಿ ಬ್ಯಾಗಿನಿಂದ ಲಕೋಟೆ ತೆಗೆದು ಅಮ್ಮನ ಕೈಗೆ ಕೊಟ್ಟೆ. "ಅಮ್ಮ, ಇನ್ಷೂರೆನ್ಸ್‌ನೋರಿಂದ ಲೆಟರ್ ಬಂದಿದೆ. ಇಂಗ್ಲಿಷಲ್ಲಿದೆ."

ಅಮ್ಮ ಎಂದಿನಂತೆ ಅದನ್ನು ಹಿರಿಯ ಅಳಿಯನ ಕಡೆ ಚಾಚಿದರು. "ನೀವೇ ಓದಿ ಹೇಳ್ಬಿಡಿ."

ಭಾವ ಕುರ್ಚಿಯನ್ನು ನಡುವಿಗೆ ಎಳೆದುಕೊಂಡರು. ಕನ್ನಡಕ ಹಾಕಿಕೊಂಡು ಗಂಟಲು ಸರಿಮಾಡಿಕೊಂಡರು. ಮಕ್ಕಳನ್ನು ಗಲಾಟೆ ಮಾಡಬೇಡಿ ಎಂದು ಗದರಿದರು. ಮೊದಲ ಎರಡು ಸಾಲನ್ನು ಇಂಗ್ಲಿಷಿನಲ್ಲಿ ಓದಿ, "ಅಂದ್ರೆ ಏನಪ್ಪಾ ಅಂದ್ರೆ, ನೀವು ಕಳಿಸಿದ ಕ್ಲೈಮನ್ನ ಪರಿಶೀಲನೆ ಮಾಡಿದ್ವಿ ಅಂತಾರೆ," ಎಂದರು. ಮೂರನೆಯ ಸಾಲನ್ನು ಅದೇ ಗತ್ತಿನಲ್ಲಿ ಶುರು ಮಾಡಿದರು. ಅದರ ಅರ್ಧಕ್ಕೆ ಅವರದೇ ಹೆಸರು ಇನಿಷಿಯಲ್ ಸಮೇತ ಅವರ ಬಾಯಿಂದಲೇ ಹೊರಗೆ ಬಿತ್ತು. ಅಲ್ಲಿಗೆ ದನಿ ನಿಂತಿತು.

ದೊಡ್ಡಮ್ಮ ಅಡಿಕೆ ಅಗಿಯುವುದನ್ನು ನಿಲ್ಲಿಸಿದರು. "ಇದ್ರಲ್ಲಿ ನಿಮ್ಮ ಹೆಸರು ಯಾಕೆ ಬಂತು?" ಎಂದರು.

ಭಾವ ಹಾಳೆ ಮಡಿಸಲು ನೋಡಿದರು. ನಾನು ಬಾಯಿ ತೆರೆದೆ. ಮೂರು ವಾರದಿಂದ ಕನ್ನಡಿ ಮುಂದೆ ತಯಾರಿ ಮಾಡಿಕೊಂಡ ಮಾತು ನಾಲಿಗೆಯ ತುದಿಯಲ್ಲಿತ್ತು. ಅದನ್ನು ಆಡುವ ಅಗತ್ಯವೇ ಬೀಳಲಿಲ್ಲ.

"ಯಾಕೆ ನಿಲ್ಲಿಸ್ಬಿಟ್ರಿ?" ಎಂದರು ಅಮ್ಮ. ಅವರ ಮುಖದಲ್ಲಿ ಯಾವ ಭಾವನೆಯೂ ಇರಲಿಲ್ಲ. "ಪೂರ್ತಿ ಓದಿ. ಕನ್ನಡದಲ್ಲೂ ಹೇಳಿ, ನಮ್ಮಕ್ಕಂಗೆ ಇಂಗ್ಲಿಷ್ ಬರಲ್ಲ," ಎಂದು ದೊಡ್ಡಮ್ಮನ ಕಡೆ ತಿರುಗಿದರು.

ಅಳಿಯನಾದವನು ಅತ್ತೆಯ ಮಾತು ತೆಗೆದುಹಾಕುವಂತಿಲ್ಲ. ಭಾವ ಓದಿದರು. ಅಪಘಾತದ ವೇಳೆ ವಾಹನ ಓಡಿಸುತ್ತಿದ್ದ ಈ ಹೆಸರಿನವರ ಹತ್ತಿರ ಚಾಲ್ತಿಯಲ್ಲಿರುವ ಲೈಸೆನ್ಸ್ ಇರಲಿಲ್ಲ, ಆದ್ದರಿಂದ ಕ್ಲೈಮ್ ತಿರಸ್ಕರಿಸಲಾಗಿದೆ. ಕನ್ನಡದಲ್ಲಿ ಹೇಳುವಾಗ "ಅಂದ್ರೆ ಏನಪ್ಪಾ ಅಂದ್ರೆ" ಬರಲಿಲ್ಲ. ಚಿಕ್ಕಪ್ಪನ ಮಗಳು ಕಿಸಕ್ಕನೆ ನಕ್ಕಳು. ಹಾಗಾದರೆ ರಿಪೇರಿ ಖರ್ಚು ಕೊಟ್ಟದ್ದು ಯಾರು ಎಂದು ಯಾರೋ ಕೇಳಿದರು. ನಾನೇ ಎಂದೆ. ಆ ಒಂದು ಮಾತಿಗೆ ಎಂಬತ್ತಾರು ಸಾವಿರ ಹೆಚ್ಚಾಯಿತು ಎಂದು ಅವತ್ತು ಅನಿಸಲಿಲ್ಲ, ಇವತ್ತಿಗೂ ಅನಿಸಿಲ್ಲ.

ಅಮ್ಮ ಒಳಗೆ ಬಂದಾಗ ಕೇಳಿದೆ, "ಅವತ್ತೇ ಹೇಳಬಹುದಿತ್ತಲ್ಲಮ್ಮ?" ಅವರು ಮೊರದ ಬಾಗಿನ ಜೋಡಿಸುತ್ತಾ, "ನಾನು ಹೇಳಿದ್ರೆ ನಾನು ಹೇಳಿದ ಹಾಗಾಗ್ತಿತ್ತು, ಈಗ ಅವರ ಬಾಯಿಂದ್ಲೇ ಬಂತಲ್ಲ," ಎಂದರು. ಅದಕ್ಕೆ ನಾನು ಅವರನ್ನು ಪೂರ್ತಿ ಕ್ಷಮಿಸಿಲ್ಲ, ಅದು ಬೇರೆ ಮಾತು.

ಸಂಜೆ ಎಲ್ಲರೂ ಹೊರಡುವಾಗ ಭಾವ ತಮ್ಮ ಕಾರಿನ ಕೀ ತೆಗೆದರು. ಅಕ್ಕ ಅದನ್ನು ಅವರ ಕೈಯಿಂದ ತೆಗೆದುಕೊಂಡು ತನ್ನ ಪರ್ಸಿನೊಳಗೆ ಹಾಕಿಕೊಂಡಳು. "ಲೈಸೆನ್ಸ್ ಮಾಡಿಸ್ಕೊಳ್ಳೋವರ್ಗೂ ಇದು ಇಲ್ಲೇ ಇರಲಿ. ನಮ್ಮನ್ನ ಮಲ್ಲೇಶ್ವರಕ್ಕೆ ಬಿಟ್ಟು ಬರ್ತೀಯೇನೇ?" ಎಂದು ನನ್ನನ್ನು ಕೇಳಿದಳು.

ನಾನು ಹೂಂ ಎನ್ನುವುದರೊಳಗೆ ದೊಡ್ಡಮ್ಮ ಸೆರಗು ಸರಿಮಾಡಿಕೊಂಡು ಎದ್ದರು. "ನಾನೂ ಬರ್ತೀನಿ. ವಾಪಸ್ ಬರ್ತಾ ನನ್ನನ್ನ ಹನುಮಂತನಗರಕ್ಕೆ ಬಿಡು."

"ನನ್ನ ಕಾರ್ ಹತ್ತಲ್ಲ ಅಂದಿದ್ರಲ್ಲ ದೊಡ್ಡಮ್ಮ?"

"ಅದು ಕಂಬಕ್ಕೆ ಗುದ್ದಿದವರ ಕಾರು ಅಂದ್ಕೊಂಡಿದ್ದೆ," ಎಂದು ಅವರು ಹೋಗಿ ಮುಂದಿನ ಸೀಟಿನಲ್ಲಿ ಕೂತರು. ಅಕ್ಕ, ಭಾವ ಹಿಂದೆ ಕೂತರು. ಚಿಕ್ಕ ಕಾರು, ಭಾವನ ಮೊಣಕಾಲು ನನ್ನ ಸೀಟಿನ ಬೆನ್ನಿಗೆ ಒತ್ತುತ್ತಿತ್ತು. ಸೀಟನ್ನು ಮುಂದಕ್ಕೆ ಎಳೆದುಕೊಳ್ಳಬಹುದಿತ್ತು. ಎಳೆದುಕೊಳ್ಳಲಿಲ್ಲ. ಕನ್ನಡಿಯಲ್ಲಿ ಅವರ ಮುಖ ಕಾಣುವ ಹಾಗೆ ಸರಿಮಾಡಿಕೊಂಡು, "ಭಾವ, ಬೆಲ್ಟ್ ಹಾಕ್ಕೊಳ್ಳಿ," ಎಂದೆ. ಅವರು ಬೆಲ್ಟ್ ಹಾಕಿಕೊಂಡ ಸದ್ದು ಕೇಳುವವರೆಗೂ ಕಾದು, ಕ್ಲಚ್ಚನ್ನು ನಿಧಾನವಾಗಿ ಬಿಟ್ಟೆ.